ಮೇನ್ ತೀರದಲ್ಲಿ ಹಾಯಿದೋಣಿ: ಲಂಗರಿನ ಜಾಗ ಮೊದಲು, ದೂರ ಆಮೇಲೆ

ಬೇಸಿಗೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಅಮೆರಿಕದ ಮೇನ್ ರಾಜ್ಯಕ್ಕೆ ಹೋಗಿ, ಹಾಯಿದೋಣಿ ಬಾಡಿಗೆಗೆ ಹಿಡಿದು ಪೆನಾಬ್‌ಸ್ಕಾಟ್ ಕೊಲ್ಲಿ ಸುತ್ತುತ್ತೇವೆ. ಎಲ್ಲಿ ನೋಡಿದರೂ ಗ್ರಾನೈಟ್ ದ್ವೀಪಗಳು, ನೀರಿನ ಅಂಚಿನವರೆಗೂ ಸ್ಪ್ರೂಸ್ ಕಾಡು. ಸ್ಟೋನಿಂಗ್‌ಟನ್ ಊರಿಗೂ ಐಲ್ ಓ ಹೋ ದ್ವೀಪಕ್ಕೂ ನಡುವೆ, ಪುಟ್ಟ ದ್ವೀಪಗಳ ಮಧ್ಯೆ ಸಾಗುವ ಮರ್ಚೆಂಟ್ ರೋ ಎಂಬ ನೀರಿನ ದಾರಿ ನನಗೆ ತುಂಬಾ ಇಷ್ಟ.

ಬೆಳಿಗ್ಗೆ ಗಾಳಿ ಕಡಿಮೆ. ಮಧ್ಯಾಹ್ನ ನೈಋತ್ಯದಿಂದ ಏಳುತ್ತದೆ. ಹಾಗಾಗಿ ನಿಧಾನವಾಗಿ ಹೊರಟು, ಹತ್ತು-ಹದಿನೈದು ಮೈಲಿ ಸಾಗಿ, ನಾಲ್ಕು ಗಂಟೆಯೊಳಗೆ ಲಂಗರು ಹಾಕುತ್ತೇವೆ. ರಾತ್ರಿ ಎಲ್ಲಿ ನಿಲ್ಲಬೇಕು ಅನ್ನೋದನ್ನು ಮೊದಲೇ ನೋಡಿಟ್ಟು, ಜೊತೆಗೆ ಇನ್ನೊಂದು ಜಾಗವನ್ನೂ ಗುರುತು ಮಾಡಿಕೊಳ್ಳುತ್ತೇನೆ.

ಇಲ್ಲಿ ಸಮುದ್ರದ ಏರಿಳಿತ ಸುಮಾರು 3 ಮೀಟರ್. ನಮ್ಮ ಮಂಗಳೂರು ಕಡೆ ಇಷ್ಟು ಕಾಣುವುದಿಲ್ಲ. ಇಳಿತದಲ್ಲಿ 3 ಮೀಟರ್ ಆಳ ಇದ್ದರೆ ಉಬ್ಬರಕ್ಕೆ 6 ಆಗುತ್ತದೆ. ನೀರಿನಿಂದ ದೋಣಿ ಮೂತಿಯ ಎತ್ತರ 1 ಮೀಟರ್ ಸೇರಿಸಿದರೆ 7. ಅದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬಿಡುತ್ತೇನೆ. ಗಾಳಿ ಜೋರಾಗುವ ಹಾಗಿದ್ದರೆ ಇನ್ನೂ ಜಾಸ್ತಿ. ದೋಣಿ ಅಷ್ಟು ದೂರ ಸುತ್ತು ಹೊಡೆದರೂ ಬಂಡೆಗೆ ತಾಗಬಾರದು, ಅದನ್ನೂ ನೋಡಬೇಕು.

ನಿಜವಾದ ತಲೆನೋವು ಲಾಬ್‌ಸ್ಟರ್ ಹಿಡಿಯುವ ಬೋನುಗಳ ಬೋಯಾಗಳು, ಅಂದರೆ ತಳದಲ್ಲಿರುವ ಬೋನಿಗೆ ಹಗ್ಗದಿಂದ ಕಟ್ಟಿದ ತೇಲುಗಳು. ಒಬ್ಬೊಬ್ಬ ಮೀನುಗಾರನಿಗೂ ಒಂದೊಂದು ಬಣ್ಣ. ಕೆಲವು ಕಡೆ ನೀರಿನ ಮೇಲೆ ಬಣ್ಣದ ಗುಳಿಗೆ ಚೆಲ್ಲಿದಂತೆ ಕಾಣುತ್ತವೆ. ಹರಿವಿಗೆ ಬೋಯಾ ಎಳೆದುಕೊಂಡು ಹೋಗುತ್ತದೆ, ಹಗ್ಗ ಅದರ ಹಿಂದೆ ಹರಿವು ಬರುವ ಕಡೆಗೆ ಚಾಚಿರುತ್ತದೆ. ಆದ್ದರಿಂದ ಬೋಯಾದ ಆಚೆ, ಹರಿವು ಹೋಗುವ ಬದಿಯಲ್ಲಿ ದಾಟಬೇಕು. ಕೆಲವಕ್ಕೆ ಹಗ್ಗದಲ್ಲಿ ಇನ್ನೊಂದು ಚಿಕ್ಕ ತೇಲು ಕಟ್ಟಿರುತ್ತಾರೆ. ಆ ಎರಡರ ನಡುವೆ ಮಾತ್ರ ನುಗ್ಗಬಾರದು. ತೀರಾ ಹತ್ತಿರ ಬಂದರೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ತೇಲಿಕೊಂಡು ದಾಟುತ್ತೇನೆ. ಪ್ರೊಪೆಲರ್ ತಿರುಗದಿದ್ದರೆ ಹಗ್ಗ ಸುತ್ತಿಕೊಳ್ಳುವ ಭಯ ಕಡಿಮೆ.

ಇನ್ನು ಮಂಜು. ಬೆಚ್ಚಗಿನ ತೇವದ ಗಾಳಿ ತಣ್ಣೀರಿನ ಮೇಲೆ ಬೀಸಿದರೆ ಸಾಕು, ದೋಣಿಯ ಮೂತಿಯೂ ಕಾಣದು. ಹಾಯಿಯಲ್ಲಿ ಸಾಗುವವರು ಎರಡು ನಿಮಿಷದೊಳಗೆ ಒಮ್ಮೆಯಾದರೂ ಹಾರ್ನ್ ಊದಬೇಕು: ಒಂದು ಉದ್ದ, ಎರಡು ಗಿಡ್ಡ. ಹೆಂಡತಿ ಊದುತ್ತಾಳೆ, ನಾನು ರಾಡಾರ್ ನೋಡುತ್ತೇನೆ. ಲಾಬ್‌ಸ್ಟರ್ ದೋಣಿಗಳು ಮಂಜಿನಲ್ಲೂ ದುಡಿಯುತ್ತವೆ, ರಾಡಾರ್ ಬಿಟ್ಟು ಕಣ್ಣು ತೆಗೆಯುವ ಹಾಗಿಲ್ಲ. ಹೊರಗಿನ ದ್ವೀಪಗಳು ಮುಚ್ಚಿಹೋದಾಗಲೂ ಕೊಲ್ಲಿಯ ಒಳಗೆ ಕ್ಯಾಸ್ಟೀನ್ ಊರಿನ ಕಡೆ ಎಷ್ಟೋ ಸಲ ಬಿಸಿಲಿರುತ್ತದೆ. ಸುಮ್ನೆ ಹಟ ಹಿಡಿಯದೆ ಅತ್ತ ತಿರುಗುವುದೇ ವಾಸಿ.

ಜುಲೈಯಲ್ಲಿ ಮಂಜು ಜಾಸ್ತಿ. ಆಯ್ಕೆ ಇದ್ದರೆ ಆಗಸ್ಟ್ ಕೊನೆಗೆ ಹೋಗಿ. ವಾಯವ್ಯದ ಒಣ ಗಾಳಿ ಆಗಾಗ ಬಂದು ಆಕಾಶ ತೊಳೆದಿಡುತ್ತದೆ. ಸ್ವೆಟರ್ ಮಾತ್ರ ಮರೆಯಬೇಡಿ.