ಟಿಕೆಟ್ ಕೊಂಡು ಬಂದವರಿಗೆ ಆಕಾಶ ತೋರಿಸುವಾಗ

ಹವ್ಯಾಸಿ ಖಗೋಳ ವೀಕ್ಷಕರ ನಮ್ಮ ಸಂಘವು ವರ್ಷದ ಕೆಲವು ಸಂಜೆಗಳನ್ನು ಸಾರ್ವಜನಿಕರಿಗಾಗಿ ಮೀಸಲಿಟ್ಟು, ಪ್ರವೇಶ ಶುಲ್ಕ ಪಡೆದು ದೂರದರ್ಶಕಗಳಲ್ಲಿ ಆಕಾಶವನ್ನು ತೋರಿಸುತ್ತದೆ. ಆ ಸಂಜೆಗಳ ಜವಾಬ್ದಾರಿ ನನ್ನ ಪಾಲಿಗೆ ಬಂದಾಗ ಸದಸ್ಯರ ಮುಂದೆ ನಾನು ಇಟ್ಟ ಮಾತು ಇಷ್ಟೇ: ಶುಲ್ಕ ಪಡೆದ ಮೇಲೆ ಆ ಹೊತ್ತು ಬಂದವರಿಗೆ ಸೇರಿದ್ದು, ನಮ್ಮ ಹವ್ಯಾಸಕ್ಕೆ ವರ್ಷದ ಉಳಿದ ರಾತ್ರಿಗಳೆಲ್ಲ ಇವೆ. ನಾವೇನು ಸಂಬಳಕ್ಕೆ ದುಡಿಯುವವರೇ, ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಮಾಡುವ ಕೆಲಸಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ನಾವು ಸಂಬಳ ಪಡೆಯುವುದಿಲ್ಲ ಎಂಬುದು ನಮ್ಮ ಒಳಗಿನ ವಿಚಾರ. ಮಕ್ಕಳನ್ನು ಕರೆದುಕೊಂಡು, ಹಣ ಕೊಟ್ಟು, ಚಳಿಯಲ್ಲಿ ಸಾಲು ನಿಂತವರಿಗೆ ಅದರಿಂದ ಆಗುವ ಸಮಾಧಾನವೇನೂ ಇಲ್ಲ ಎಂಬುದು ನನ್ನ ಉತ್ತರವಾಗಿತ್ತು.

ಮೊದಲು ಬದಲಾದದ್ದು ದಿನಾಂಕದ ಆಯ್ಕೆ. ಮಸುಕಾದ ಗ್ಯಾಲಕ್ಸಿ, ನೀಹಾರಿಕೆಗಳನ್ನು ಹುಡುಕುವ ಸದಸ್ಯರಿಗೆ ಅಮಾವಾಸ್ಯೆಯ ಆಸುಪಾಸಿನ ಕತ್ತಲೆಯೇ ಪ್ರಿಯ. ಆದರೆ ಮೊದಲ ಬಾರಿಗೆ ಐಪೀಸಿಗೆ, ಅಂದರೆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರಕ್ಕೆ, ಕಣ್ಣಿಡುವವರಿಗೆ ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಚಂದ್ರನಿಗಿಂತ ದೊಡ್ಡ ಕೊಡುಗೆ ಬೇರೆಯಿಲ್ಲ. ಆ ದಿನಗಳಲ್ಲಿ ಬೆಳಕು ಕತ್ತಲೆಗಳು ಸಂಧಿಸುವ ಗೆರೆಯುದ್ದಕ್ಕೂ ಕುಳಿಗಳ ಅಂಚು, ಬೆಟ್ಟಗಳ ನೆರಳು ಕೆತ್ತಿಟ್ಟಂತೆ ಎದ್ದು ಕಾಣುತ್ತವೆ. ಹುಣ್ಣಿಮೆಯಂದು ಬಿಸಿಲು ನೇರವಾಗಿ ಬಿದ್ದು ನೆರಳೇ ಇಲ್ಲದಿರುವುದರಿಂದ ಅದೇ ಚಂದ್ರ ಕಣ್ಣು ಕುಕ್ಕುವ ಚಪ್ಪಟೆ ತಟ್ಟೆಯಾಗಿಬಿಡುತ್ತಾನೆ. ಆಂಡ್ರೊಮಿಡಾ ಗ್ಯಾಲಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಬಲ್ಲವರಿಗೆ ಅದರ ಬೂದುಬಣ್ಣದ ಮಸುಕೂ ರೋಮಾಂಚನ ತರುತ್ತದೆ, ಬಣ್ಣಬಣ್ಣದ ಚಿತ್ರಗಳನ್ನಷ್ಟೇ ನೋಡಿದವರಿಗೆ ಅದು ಗಾಜಿನ ಮೇಲಿನ ಕಲೆಯಂತೆ ತೋರುತ್ತದೆ. ಆದ್ದರಿಂದ ನಮ್ಮ ಪ್ರಕಟಣೆಗಳಲ್ಲಿ ಬಾಹ್ಯಾಕಾಶ ದೂರದರ್ಶಕಗಳು ತೆಗೆದ ಚಿತ್ರಗಳನ್ನು ಬಳಸಬಾರದೆಂದು ನಾನು ಹಟ ಹಿಡಿದೆ. ಈಗ ಅಲ್ಲಿರುವುದು ಸದಸ್ಯರೇ ಐಪೀಸಿನ ಮುಂದೆ ಕುಳಿತು ಪೆನ್ಸಿಲಿನಿಂದ ಬರೆದ ಚಿತ್ರಗಳು. ಶನಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯವಾಗುತ್ತದೆ. ಸುಮಾರು 15 ವರ್ಷಗಳಿಗೊಮ್ಮೆ ಅದರ ಉಂಗುರಗಳು ನಮಗೆ ಅಂಚುಮುಖವಾಗಿ ನಿಲ್ಲುತ್ತವೆ. 2025ರ ಮಾರ್ಚಿನಲ್ಲಿ ಹಾಗಾಯಿತು, ಆ ವರ್ಷದ ಕೊನೆಯವರೆಗೂ ಅವು ತೆಳ್ಳನೆಯ ಗೆರೆಯಂತೆಯೇ ಇದ್ದವು. ಅದನ್ನು ಟಿಕೆಟ್ ಕೊಡುವ ಮೇಜಿನಲ್ಲೇ, ಹಣ ಪಡೆಯುವ ಮೊದಲೇ ಹೇಳುವ ವ್ಯವಸ್ಥೆ ಮಾಡಿದೆವು. ಹಾಗೆ ಹೇಳಿದ್ದಕ್ಕೆ ಹಿಂದಿರುಗಿ ಹೋದವರು ವಿರಳ. ಅಪರೂಪದ್ದನ್ನು ನೋಡುತ್ತಿದ್ದೇವೆ ಎಂದು ಹಿಗ್ಗಿದವರೇ ಹೆಚ್ಚು.

ಸಾಲಿನ ಲೆಕ್ಕವನ್ನು ಸಂಘಗಳು ಸಾಮಾನ್ಯವಾಗಿ ಮಾಡುವುದಿಲ್ಲ, ಮಾಡಿದರೆ ಟಿಕೆಟ್ ಮಾರಾಟಕ್ಕೆ ತಾನಾಗಿಯೇ ಮಿತಿ ಬೀಳುತ್ತದೆ. ಒಬ್ಬರಿಗೆ ಒಂದು ನಿಮಿಷವೆಂದರೂ 60 ಜನರ ಸಾಲಿನ ಕೊನೆಯವರು ಒಂದೇ ನೋಟಕ್ಕಾಗಿ ಸುಮಾರು ಒಂದು ಗಂಟೆ ಕಾಯಬೇಕು. ಒಂದು ದೂರದರ್ಶಕಕ್ಕೆ 15 ಜನರಿಗಿಂತ ಹೆಚ್ಚಾಗದಂತೆ ಟಿಕೆಟ್ ಕೊಡಬೇಕೆಂದು ನಾನು ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ, ಖಜಾಂಚಿಯವರಿಗೆ ಅದು ರುಚಿಸದಿದ್ದರೂ. ವರ್ಧನೆಯ ಆಯ್ಕೆಯೂ ಸಾಲಿಗೆ ಸಂಬಂಧಿಸಿದ್ದೇ. ಭೂಮಿ ತಿರುಗುವುದರಿಂದ ಆಕಾಶವು 4 ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಸರಿಯುತ್ತದೆ. ಮೋಟಾರು ಇಲ್ಲದೆ ಕೈಯಿಂದಲೇ ತಿರುಗಿಸುವ ಡಾಬ್ಸೋನಿಯನ್ ಎಂಬ ಬಗೆಯ ದೂರದರ್ಶಕದಲ್ಲಿ ಸಾಮಾನ್ಯ ಐಪೀಸ್ ಹಾಕಿ 100 ಪಟ್ಟು ವರ್ಧಿಸಿದರೆ ಕಾಣುವ ಪ್ರದೇಶ ಸುಮಾರು ಅರ್ಧ ಡಿಗ್ರಿ ಮಾತ್ರ, ಅಂದರೆ ಗ್ರಹವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 2 ನಿಮಿಷದಲ್ಲಿ ದಾಟಿಹೋಗುತ್ತದೆ. ನಡುವಿನಲ್ಲಿ ನಿಲ್ಲಿಸಿಟ್ಟ ಗ್ರಹ ಒಂದು ನಿಮಿಷದಲ್ಲೇ ಹೊರಗೆ ಜಾರಿರುತ್ತದೆ, ಮಗುವೊಂದು ಮೆಟ್ಟಿಲು ಹತ್ತಿ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಅಲ್ಲಿ ಕಾಣುವುದು ಬರಿಯ ಕತ್ತಲೆ. ವರ್ಧನೆಯನ್ನು 50ಕ್ಕೆ ಇಳಿಸಿದರೆ ಈ ಅವಧಿ ಎರಡರಷ್ಟಾಗುತ್ತದೆ, ಶನಿಯ ಉಂಗುರಗಳು ಗುರುತು ಸಿಗುವಷ್ಟು ದೊಡ್ಡದಾಗಿಯೇ ಕಾಣುತ್ತವೆ.

ಐಪೀಸಿನ ಬಳಿ ನಿಂತ ಸದಸ್ಯರ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಬಂದವರಲ್ಲಿ ಅನೇಕರು ಏನೂ ಕಾಣದಿದ್ದರೂ ಹಿಂದಿನವರು ಕಾಯುತ್ತಿದ್ದಾರೆ ಎಂಬ ಸಂಕೋಚದಿಂದ ‘ಹಾಂ, ಕಂಡಿತು’ ಎಂದು ಹೇಳಿ ಸರಿದುಬಿಡುತ್ತಾರೆ. ಆದ್ದರಿಂದ ‘ಕಂಡಿತೇ’ ಎಂದು ಕೇಳುವುದನ್ನೇ ನಾವು ಬಿಟ್ಟಿದ್ದೇವೆ. ಗುರುಗ್ರಹವಾದರೆ ‘ಪಕ್ಕದಲ್ಲಿ ಎಷ್ಟು ಚುಕ್ಕೆಗಳಿವೆ, ಯಾವ ಬದಿಗೆ ಎಷ್ಟು ಹೇಳಿ ನೋಡೋಣ’ ಎನ್ನುತ್ತೇವೆ. ಉತ್ತರ ತಡವರಿಸಿದರೆ ತಲೆಯನ್ನು ಸ್ವಲ್ಪ ಹಿಂದಕ್ಕೆ ತೆಗೆಯಲು ಹೇಳಿ, ಬೆಳಕಿನ ಸಣ್ಣ ಬಿಲ್ಲೆ ಕಂಡ ಮೇಲೆ ನಿಧಾನವಾಗಿ ಹತ್ತಿರ ಬರಲು ಹೇಳುತ್ತೇವೆ. ಎಣಿಸತೊಡಗಿದವರು ಕೆಲವೇ ಕ್ಷಣಗಳಲ್ಲಿ ‘ಎಡಕ್ಕೆ ಒಂದು, ಬಲಕ್ಕೆ ಮೂರು’ ಎಂದಾಗ, 1610ರಲ್ಲಿ ಗೆಲಿಲಿಯೊ ಕಂಡದ್ದು ಇವೇ ನಾಲ್ಕು ಉಪಗ್ರಹಗಳನ್ನು ಎಂದು ಹೇಳುವುದಕ್ಕೆ ಅದೇ ಸರಿಯಾದ ಗಳಿಗೆ; ಅದಕ್ಕೆ ಮುಂಚೆ ಹೇಳಿದ ಇತಿಹಾಸ ಯಾರ ಕಿವಿಗೂ ಬೀಳುವುದಿಲ್ಲ. ಶನಿಯನ್ನು ನೋಡಿದ ಕೆಲವರು ಒಳಗೆ ಚಿತ್ರ ಅಂಟಿಸಿದ್ದೀರೆಂದು ಗುಮಾನಿ ಪಡುತ್ತಾರೆ. ಇದಕ್ಕೆ ಸಿಡಿಮಿಡಿಗೊಳ್ಳುವ ಸದಸ್ಯರೂ ನಮ್ಮಲ್ಲಿದ್ದರು, ನನಗೆ ಮಾತ್ರ ಅದು ಒಳ್ಳೆಯ ಪ್ರಶ್ನೆಯೆಂದೇ ಅನಿಸುತ್ತದೆ. ಅವರ ಕೈಯನ್ನೇ ಕೊಳವೆಯ ಮೇಲೆ ಇಡಿಸಿ, ಬೆರಳಿನಷ್ಟು ಒತ್ತಲು ಹೇಳಿದರೆ ಶನಿ ಜಾರಿ ಮರೆಯಾಗುತ್ತದೆ, ಸಂಶಯವೂ ಅದರ ಜೊತೆಗೆ ಹೋಗುತ್ತದೆ.

ಕನ್ನಡಕ ಹಾಕಿದವರಿಗಾಗಿ ಕಣ್ಣನ್ನು ತುಸು ದೂರವಿಟ್ಟರೂ ನೋಟ ಪೂರ್ತಿ ಸಿಗುವ ಐಪೀಸ್, ಮಕ್ಕಳಿಗಾಗಿ ಹಿಡಿಕೆಯಿರುವ ಮೆಟ್ಟಿಲು ಇರಬೇಕು. ಹಿಡಿಯಲು ಬೇರೇನೂ ಇಲ್ಲದಿದ್ದರೆ ಮಕ್ಕಳಿರಲಿ, ದೊಡ್ಡವರೂ ಐಪೀಸನ್ನೇ ಹಿಡಿಯುತ್ತಾರೆ. ಬಗ್ಗಲಾಗದವರಿಗೆ, ಗಾಲಿಕುರ್ಚಿಯಲ್ಲಿ ಬಂದವರಿಗೆ ಒಂದು ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಚಂದ್ರನನ್ನು ಪರದೆಯ ಮೇಲೆ ತೋರಿಸುತ್ತೇವೆ.

ಸದಸ್ಯರ ನಡವಳಿಕೆಯ ಬಗ್ಗೆ ಬರೆಯುವುದು ಸ್ವಲ್ಪ ಮುಜುಗರದ ಸಂಗತಿ, ಆದರೂ ದೂರುಗಳು ಬರುವುದು ಅಲ್ಲಿಂದಲೇ. ಹೊಸ ಮಸೂರದ ಬಗ್ಗೆ ಗುಂಪುಗೂಡಿ ಚರ್ಚಿಸುವ ಮೂವರ ಬೆನ್ನನ್ನು ನೋಡುತ್ತ ನಿಂತವರಿಗೆ ತಾವು ಕರೆಯದೇ ಬಂದವರೆಂದು ಅನಿಸುತ್ತದೆ. ಇದಕ್ಕಿಂತಲೂ ಕೆಟ್ಟದ್ದೆಂದರೆ ಸದಸ್ಯರ ನೆಂಟರಿಷ್ಟರನ್ನು ಸಾಲು ತಪ್ಪಿಸಿ ಮುಂದಕ್ಕೆ ಬಿಡುವುದು. ಟಿಕೆಟ್ ಕೊಂಡವರ ಕಣ್ಣೆದುರು ಒಮ್ಮೆ ಹೀಗಾದರೆ ಆ ಸಂಜೆಯ ಉಳಿದೆಲ್ಲ ಶ್ರಮ ಹೊಳೆಯಲ್ಲಿ ಹುಣಿಸೆ ತೊಳೆದಂತೆ. ಸದಸ್ಯರ ಮನೆಯವರೂ ಸಾಲಿನಲ್ಲೇ ನಿಲ್ಲಬೇಕೆಂಬ ನಿಯಮವನ್ನು ನನ್ನ ಮನೆಯವರಿಂದಲೇ ಆರಂಭಿಸಿದೆ. ಛಾಯಾಗ್ರಹಣ ಮಾಡುವವರಿಗೆ ಆ ಸಂಜೆ ಮೈದಾನದಲ್ಲಿ ಜಾಗವಿಲ್ಲ, ಏಕೆಂದರೆ ಅವರಿಗೆ ನಡೆದಾಡುವ ಪ್ರತಿಯೊಬ್ಬರೂ ಅಡ್ಡಿಯೇ. ಮೊಬೈಲಿನ ಬೆಳಕಿಗಾಗಿ ಯಾರನ್ನೂ ಗದರುವುದಿಲ್ಲ: ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಬಿಳಿಯ ಬೆಳಕು ಅದನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ ಎಂದು ದ್ವಾರದಲ್ಲೇ ತಿಳಿಸಿ, ಟಾರ್ಚಿಗೆ ಸುತ್ತಲು ಕೆಂಪು ಹಾಳೆಯ ತುಂಡನ್ನು ಕೊಡುತ್ತೇವೆ. ಹಗಲಿನಲ್ಲಿ ಸೂರ್ಯನನ್ನು ತೋರಿಸುವುದಾದರೆ ನನ್ನ ಬಳಿ ರಿಯಾಯಿತಿಯಿಲ್ಲ. ಬಿಸಿಲನ್ನು ತಡೆಯುವ ಸೌರ ಶೋಧಕವು (ಫಿಲ್ಟರ್) ದೂರದರ್ಶಕದ ಮುಂದಿನ ಬಾಯಿಗೆ ಭದ್ರವಾಗಿರಬೇಕು, ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕವಾದ ಫೈಂಡರಿಗೂ ಮುಚ್ಚಳವಿರಬೇಕು, ಆ ದೂರದರ್ಶಕವನ್ನು ಬಿಟ್ಟು ಸದಸ್ಯರು ಒಂದು ಕ್ಷಣವೂ ಕದಲಬಾರದು.

ಮೋಡದ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ. ಮೋಡ ಕವಿದು ಏನೂ ಕಾಣದಿದ್ದರೆ ಹಣ ಮರಳಿಸಲಾಗುವುದು ಅಥವಾ ಮುಂದಿನ ಸಂಜೆಗೆ ಅದೇ ಟಿಕೆಟ್ ನಡೆಯುವುದು ಎಂದು ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿದ್ದೇವೆ, ಆಯ್ಕೆ ಬಂದವರದ್ದು. ಮೋಡವಿದ್ದ ಸಂಜೆಯೂ ದೂರದರ್ಶಕವನ್ನು ಬಿಚ್ಚಿ ಕನ್ನಡಿ, ಮಸೂರಗಳ ಕೆಲಸವನ್ನು ವಿವರಿಸುವ ಕಾರ್ಯಕ್ರಮ ನಡೆಯುತ್ತದೆ, ಅದಕ್ಕೆ ಕುಳಿತರೆಂಬ ಕಾರಣಕ್ಕೆ ಹಣ ಮರಳಿ ಪಡೆಯುವ ಹಕ್ಕು ಹೋಗುವುದಿಲ್ಲ. ಅರ್ಧ ಗಂಟೆ ಚಂದ್ರನನ್ನು ತೋರಿಸಿದ ಮೇಲೆ ಮೋಡ ಬಂದರೆ, ಸಾಲಿನ ಮೊದಲರ್ಧದವರು ನೋಡಿ ಉಳಿದವರು ನೋಡದೇ ಹೋದರೆ ಏನು ಮಾಡಬೇಕೆಂಬುದರ ಮೇಲೆ ಸಭೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ವಿಚಾರಣೆ ಮಾಡದೆ ಕೇಳಿದವರಿಗೆಲ್ಲ ಮರಳಿಸಬೇಕೆಂಬುದು ನನ್ನ ನಿಲುವು. ಖಜಾಂಚಿಯವರು ಟಿಕೆಟಿನ ಮೂಲೆ ಹರಿದು ಗುರುತು ಮಾಡಿಕೊಳ್ಳೋಣ ಎನ್ನುತ್ತಾರೆ. ಮುಂದಿನ ಸಂಜೆಗೆ ಅವರ ವಿಧಾನವನ್ನು ಪರೀಕ್ಷಿಸಿ ನೋಡಲು ಒಪ್ಪಿದ್ದೇನೆ.