ಟ್ಯೂನ್ ಬರೆಯೋದು ಕಲಿಯೋಕೆ ಹೋಗಿ ತೆಗೆಯೋದು ಕಲ್ತೆ (ನನ್ನ ಅನುಭವ)

ಸಿನಿಮಾ, ಗೇಮು, ಜಾಹೀರಾತು ಇಂಥವಕ್ಕೆಲ್ಲ ಮ್ಯೂಸಿಕ್ ಮಾಡೋದನ್ನೇ ಎರಡು ವರ್ಷ ಮಾಸ್ಟರ್ಸ್ ಓದಿದೆ. ಓದಿದೆ ಅನ್ನೋದೂ ತಪ್ಪೇ, ಪುಸ್ತಕ ಹಿಡಿದಿದ್ದು ಕಮ್ಮಿ, ಸ್ಕ್ರೀನ್ ಮುಂದೆ ಕೂತು ಅದೇ ನಲವತ್ತು ಸೆಕೆಂಡಿನ ಸೀನನ್ನ ನೂರಾರು ಸಲ ಹಿಂದೆ ಮುಂದೆ ಓಡಿಸಿದ್ದೇ ಜಾಸ್ತಿ. ಈ ಕೋರ್ಸ್ ಸೇರ್ಬೇಕು ಅಂತಿರೋರು ಆಗಾಗ ಕೇಳ್ತಾರೆ, ಒಳಗೆ ಏನ್ ಕಲಿಸ್ತಾರೆ ಅಂತ. ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಇದು.

ಅಡ್ಮಿಷನ್ನಿಗೆ ಪೋರ್ಟ್‌ಫೋಲಿಯೋ ಕಳಿಸ್ಬೇಕು. ನಾನು ನನ್ನ ಬೆಸ್ಟ್ ಅಂದ್ಕೊಂಡಿದ್ದ ಮೂರು ಟ್ರ್ಯಾಕ್ ಕಳಿಸಿದ್ದೆ, ಒಂದೊಂದೂ ಐದು ನಿಮಿಷ, ಭರ್ಜರಿ ಡ್ರಮ್ಸ್, ಕೊನೇಲಿ ಕಾಯಿರ್. ಇಂಟರ್‌ವ್ಯೂನಲ್ಲಿ ಒಬ್ಬ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, "ಚೆನ್ನಾಗಿದೆ, ಆದ್ರೆ ಇದರಲ್ಲಿ ಪಿಕ್ಚರ್ ಎಲ್ಲಿದೆ?" ಅಂತ. ಪುಣ್ಯಕ್ಕೆ ಒಂದು ಪುಟ್ಟ ಅನಿಮೇಷನ್ ಕ್ಲಿಪ್ಪಿಗೆ ಮಾಡಿದ್ದ ತೊಂಬತ್ತು ಸೆಕೆಂಡಿನ ಮ್ಯೂಸಿಕ್ ಲ್ಯಾಪ್‌ಟಾಪಲ್ಲಿ ಇತ್ತು, ಅದನ್ನ ಅಲ್ಲೇ ತೋರಿಸ್ದೆ, ಸೀಟು ಸಿಕ್ಕಿದ್ದು ಅದರಿಂದಲೇ ಅಂತ ನನ್ನ ಅನುಮಾನ. ಹಾಗಾಗಿ ಚಿತ್ರದ ಜೊತೆ ಇರೋ ಕೆಲಸಾನೇ ಮೊದಲು ಇಡಿ, ಒಳ್ಳೇದನ್ನ ಕೊನೆಗೆ ಉಳಿಸ್ಕೋಬೇಡಿ, ಅಲ್ಲಿವರೆಗೂ ಕೇಳೋ ಪುರುಸೊತ್ತು ಯಾರಿಗೂ ಇರಲ್ಲ.

ಮೊದಲ ಪ್ರಾಜೆಕ್ಟು ಏಳು ನಿಮಿಷದ ಒಂದು ಶಾರ್ಟ್ ಫಿಲ್ಮ್. ಡೈರೆಕ್ಟರ್ ಜೊತೆ ಕೂತು ಮ್ಯೂಸಿಕ್ ಎಲ್ಲಿ ಶುರು ಆಗ್ಬೇಕು, ಎಲ್ಲಿ ನಿಲ್ಬೇಕು ಅಂತ ತೀರ್ಮಾನ ಮಾಡ್ತೀವಲ್ಲ, ಅದನ್ನ ಸ್ಪಾಟಿಂಗ್ ಅಂತಾರೆ. ಒಂದೊಂದು ತುಂಡೂ ಒಂದು ಕ್ಯೂ, ಅದಕ್ಕೆ 1ಎಂ1, 1ಎಂ2 ಅಂತ ನಂಬರ್, ಮೊದಲನೇ ಅಂಕಿ ರೀಲು, ಅಂದ್ರೆ ಸಿನಿಮಾದ ಎಷ್ಟನೇ ಭಾಗ ಅಂತ, ಎರಡನೇದು ಆ ರೀಲಲ್ಲಿ ಎಷ್ಟನೇ ಕ್ಯೂ ಅಂತ. ನಾನು ಏಳರಲ್ಲಿ ಆರು ನಿಮಿಷಕ್ಕೆ ಮ್ಯೂಸಿಕ್ ಗುರುತು ಹಾಕ್ಕೊಂಡು ಹೋಗಿದ್ದೆ. ಮೇಷ್ಟ್ರು ಪಟ್ಟಿ ನೋಡಿ ಒಂದೊಂದು ಕ್ಯೂಗೂ "ಇದನ್ನ ತೆಗೆದ್ರೆ ಸೀನಿಗೆ ಏನು ನಷ್ಟ?" ಅಂತ ಕೇಳ್ತಾ ಹೋದ್ರು. ಸುಮಾರು ಕಡೆ ನನ್ನ ಹತ್ರ ಉತ್ತರಾನೇ ಇರಲಿಲ್ಲ, ಅಲ್ಲಿ ಮ್ಯೂಸಿಕ್ ಯಾಕೆ ಅಂದ್ರೆ ಖಾಲಿ ಬಿಡೋಕೆ ಭಯ, ಅಷ್ಟೇ. ಕೊನೆಗೆ ಉಳಿದಿದ್ದು ನಾಲ್ಕು ಕ್ಯೂ, ಎಲ್ಲಾ ಸೇರಿ ಎರಡೂವರೆ ನಿಮಿಷ. ರೂಮಿಗೆ ಬಂದು ಎರಡು ದಿನ ಸಿಟ್ಟು ಮಾಡ್ಕೊಂಡು ಕೂತಿದ್ದೆ.

ಆಮೇಲೆ ಲೆಕ್ಕ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ ನಿಮಿಷಕ್ಕೆ 1440, ಟೆಂಪೋ (ನಿಮಿಷಕ್ಕೆ ಎಷ್ಟು ಬೀಟು ಅಂತ) 120 ಇದ್ರೆ ಒಂದು ಬೀಟಿಗೆ 12 ಫ್ರೇಮು, 60 ಇದ್ರೆ 24. ಇದು ತಲೇಲಿ ಕೂತ್ಕೊಂಡ್ರೆ ಬಾಗಿಲು ಬಡಿಯೋದು ಎಷ್ಟನೇ ಬೀಟಿಗೆ ಬೀಳುತ್ತೆ ಅಂತ ಕಣ್ಣಂದಾಜಲ್ಲೇ ಗೊತ್ತಾಗುತ್ತೆ, ಬೀಳಲಿಲ್ಲ ಅಂದ್ರೆ ಟೆಂಪೋನ 118, 121 ಅಂತ ಸ್ವಲ್ಪ ಎಳೀಬೇಕು, ಇಲ್ಲಾ ಮಧ್ಯೆ ಎಲ್ಲಾದ್ರೂ ನಾಲ್ಕರ ಬದಲು ಐದು ಬೀಟಿನ ಒಂದು ಬಾರ್ (ತಾಳದ ಒಂದು ಸುತ್ತು) ತುರುಕ್ಬೇಕು. ನಾನು ಇಲ್ಲೇ ಮುಗ್ಗರಿಸಿದ್ದು. ಫಿಲ್ಮ್ ಇದ್ದಿದ್ದು ಸೆಕೆಂಡಿಗೆ 23.976 ಫ್ರೇಮಲ್ಲಿ, ನನ್ನ ಮ್ಯೂಸಿಕ್ ಪ್ರಾಜೆಕ್ಟಿನ ಸೆಟ್ಟಿಂಗ್ 24. ಚಿತ್ರದ ಮೂಲೇಲಿ ಓಡೋ, ನಿಮಿಷ-ಸೆಕೆಂಡ್-ಫ್ರೇಮ್ ತೋರಿಸೋ ಟೈಮ್‌ಕೋಡ್ ನಂಬರುಗಳನ್ನ ಹಾಳೆ ಮೇಲೆ ಬರ್ಕೊಂಡು, ಅದನ್ನೇ ನೋಡ್ಕೊಂಡು ಮಾರ್ಕರ್ ಹಾಕ್ದೆ, ಚಿತ್ರ ಓಡಿಸಿ ನೋಡೋ ವ್ಯವಧಾನ ಇರಲಿಲ್ಲ. ವ್ಯತ್ಯಾಸ ಬರೀ ಸಾವಿರಕ್ಕೆ ಒಂದು. ಮೊದಲ ಕ್ಯೂನಲ್ಲಿ ಗೊತ್ತೇ ಆಗಲ್ಲ, ಏಳನೇ ನಿಮಿಷಕ್ಕೆ ಬರೋ ಹೊತ್ತಿಗೆ ಹತ್ತು ಫ್ರೇಮು. ಹುಡುಗಿ ತಿರುಗಿ ನೋಡೋಕೆ ಮುಂಚೇನೇ ಮ್ಯೂಸಿಕ್ ಬೆಚ್ಚಿಬಿತ್ತು! ಕ್ಲಾಸಲ್ಲಿ ಎಲ್ಲರೂ ನಕ್ಕರು, ಸೀನು ಮಾತ್ರ ಅಳೋ ಸೀನು. ಈಗ ಯಾರೇ ವಿಡಿಯೋ ಕಳಿಸ್ಲಿ, ಮೊದಲ ಮೆಸೇಜು "ಫ್ರೇಮ್ ರೇಟ್ ಎಷ್ಟು, ಎಡಿಟ್ ಲಾಕ್ ಆಗಿದ್ಯಾ" ಅಂತಾನೇ. ಲಾಕ್ ಅಂದ್ರೆ ಇನ್ನು ಎಡಿಟ್ ಬದಲಾಗಲ್ಲ ಅಂತ. ಆಗಿದೆ ಅಂತಾರೆ. ಆಗಿರಲ್ಲ, ಅದು ಬೇರೆ ಮಾತು.

ಅತಿ ಹೆಚ್ಚು ಒದ್ದಾಡಿದ್ದು ಡೈಲಾಗ್ ಕೆಳಗೆ ಬರೆಯೋದಕ್ಕೆ. ಮಾತಿನ ಸ್ಪಷ್ಟತೆ ಇರೋದೆಲ್ಲ ಹೆಚ್ಚೂ ಕಮ್ಮಿ 1ರಿಂದ 4 ಕಿಲೋಹರ್ಟ್ಸ್ ಒಳಗೆ, ವ್ಯಂಜನಗಳು ಕಿವಿಗೆ ಹಿಡಿಯೋದು ಅಲ್ಲೇ, ವಯಲಿನ್ನು, ಓಬೋ (ಒಂದು ಊದೋ ವಾದ್ಯ) ಹೊಳಪು ಬರೋದೂ ಅಲ್ಲೇ. ನಾನು ಮೊದಲು ಇಕ್ಯೂ (ಸದ್ದಿನ ಒಂದೊಂದು ಭಾಗಾನ ಏರಿಸಿ ಇಳಿಸೋ ಸಾಧನ) ಹಾಕಿ ಆ ಭಾಗ ಕೆರೀತಿದ್ದೆ, ಮ್ಯೂಸಿಕ್ ಕಂಬಳಿ ಹೊದ್ಕೊಂಡ ಹಾಗೆ ಕೇಳೋದು. ಮೇಷ್ಟ್ರು ಹೇಳಿದ್ರು, ಇದು ಮಿಕ್ಸಲ್ಲಿ ಸರಿ ಮಾಡೋದಲ್ಲ, ಬರೆಯೋವಾಗ್ಲೇ ಮಾಡೋದು ಅಂತ. ಓಬೋಲಿದ್ದ ಟ್ಯೂನನ್ನ ವಯಲಿನ್ನಿಗಿಂತ ಕೆಳದನಿಯ ವಯೋಲಾಗೆ ಕೊಟ್ಟು ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿಳಿಸ್ದೆ, ಉದ್ದ ಸ್ವರ ಮಾತಿನ ಕೆಳಗೆ, ಟ್ಯೂನು ಅಲ್ಲಾಡೋದು ಎರಡು ಮಾತಿನ ಮಧ್ಯೆ ಸಿಗೋ ಜಾಗದಲ್ಲಿ ಮಾತ್ರ. ನಟರು ಉಸಿರು ತಗೊಳ್ಳೋ ಕಡೆ ಎಲ್ಲಾ ಮಾರ್ಕ್ ಮಾಡ್ಕೊಳ್ತಿದ್ದೆ. ಇನ್ನೊಂದು ಅಭ್ಯಾಸ, ಸ್ಪೀಕರ್ ವಾಲ್ಯೂಮ್ ಪಿಸುಮಾತಿನಷ್ಟು ಇಳಿಸಿ ಕೇಳೋದು, ಆಗ್ಲೂ ಮಾತು ಅರ್ಥ ಆದ್ರೆ ಪಾಸು.

ಟೆಂಪ್ ಟ್ರ್ಯಾಕ್ ಕಾಟ ಹೇಳದೇ ಇದ್ರೆ ಹೇಗೆ. ಎಡಿಟ್ ಮಾಡೋವಾಗ ತಾತ್ಕಾಲಿಕ ಅಂತ ಬೇರೆ ಯಾರದ್ದೋ ಮ್ಯೂಸಿಕ್ ಹಾಕಿರ್ತಾರೆ, ತಿಂಗಳುಗಟ್ಲೆ ಅದನ್ನೇ ಕೇಳಿ ಡೈರೆಕ್ಟರಿಗೆ ಅದರ ಮೇಲೆ ಪ್ರೀತಿ ಹುಟ್ಟಿರುತ್ತೆ. 1968ರ 2001: ಎ ಸ್ಪೇಸ್ ಒಡಿಸ್ಸಿ ಸಿನಿಮಾಗೆ ಕಂಪೋಸರ್ ಅಲೆಕ್ಸ್ ನಾರ್ತ್ ಹೊಸದಾಗಿ ಸ್ಕೋರ್ ಬರೆದು ರೆಕಾರ್ಡ್ ಕೂಡ ಆಗಿತ್ತು, ಡೈರೆಕ್ಟರ್ ಕುಬ್ರಿಕ್ ಮಾತ್ರ ತಾವು ಮುಂಚೆ ಇಟ್ಕೊಂಡಿದ್ದ ಕ್ಲಾಸಿಕಲ್ ಮ್ಯೂಸಿಕ್ಕನ್ನೇ ಉಳಿಸ್ಕೊಂಡ್ರು, ನಾರ್ತ್‌ಗೆ ಅದು ಗೊತ್ತಾಗಿದ್ದು ಸಿನಿಮಾ ನೋಡೋಕೆ ಹೋದಾಗ. ಅಂಥೋರಿಗೇ ಹೀಗೆ. ನಾನು ಕಂಡ್ಕೊಂಡಿದ್ದು ಇಷ್ಟು, "ಇದೇ ಥರ ಬೇಕು" ಅಂದ್ರೆ ಟ್ಯೂನು ಬೇಕು ಅಂತಲ್ಲ. ಟೆಂಪೋನಾ, ಭಾರಾನಾ, ಬರೀ ಶುರು ಆಗೋ ಜಾಗಾನಾ ಅಂತ ಬಿಡಿಸಿ ಬಿಡಿಸಿ ಕೇಳ್ಬೇಕು. ಒಬ್ಬ ಡೈರೆಕ್ಟರ್ ಗೆಳೆಯ ಹಟ ಹಿಡಿದಿದ್ದ ಟೆಂಪ್ ಟ್ರ್ಯಾಕಲ್ಲಿ ಅವನಿಗೆ ಬೇಕಾಗಿದ್ದು, ಅದು ಶಾಟ್ ಬದಲಾದ ಎರಡು ಸೆಕೆಂಡ್ ಆದ್ಮೇಲೆ ಶುರು ಆಗ್ತಿತ್ತಲ್ಲ, ಅದೊಂದೇ!

ಎರಡನೇ ವರ್ಷ ಎಂಟು ಜನ ಸ್ಟ್ರಿಂಗ್ಸ್ ಪ್ಲೇಯರ್ಸ್ ಜೊತೆ ಮೂರು ಗಂಟೆ ಸೆಷನ್. ಕಂಪ್ಯೂಟರಲ್ಲಿ ಕೀಬೋರ್ಡಿನ ಮಾಡ್ಯುಲೇಷನ್ ವೀಲ್ ತಿರುಗಿಸಿ ತಿರುಗಿಸಿ ಸ್ಯಾಂಪಲ್ (ಮುಂಚೆ ರೆಕಾರ್ಡ್ ಮಾಡಿಟ್ಟ) ವಯಲಿನ್ನಿಗೆ ಜೀವ ತುಂಬೋಕೆ ವಾರಗಟ್ಲೆ ಕೂತಿದ್ದೋನಿಗೆ ನಿಜವಾದ ಎಂಟು ಬಿಲ್ಲು ಒಟ್ಟಿಗೆ ಎಳೆದಾಗ ಮೈ ಜುಮ್ ಅಂತು. ಜುಮ್ ಅಂದ ಹತ್ತೇ ನಿಮಿಷಕ್ಕೆ ಬೆವರು. ಗೆರೆ ಮೇಲೆ ಯಾವ ಸ್ವರ ಎಲ್ಲಿ ಅಂತ ಹೇಳೋ ಗುರುತು ಕ್ಲೆಫ್, ವಯೋಲಾ ಓದೋದು ಆಲ್ಟೋ ಕ್ಲೆಫಲ್ಲಿ, ನಾನು ಒಂದು ಕ್ಯೂನ ಪಾರ್ಟ್ ಟ್ರೆಬಲ್ ಕ್ಲೆಫಲ್ಲೇ ಪ್ರಿಂಟ್ ಹಾಕಿದ್ದೆ. ಇನ್ನೊಂದರಲ್ಲಿ ಬಾರ್ ನಂಬರ್ರೇ ಇಲ್ಲ, "ಮೂವತ್ತೆರಡರಿಂದ ಇನ್ನೊಂದ್ಸಲ" ಅಂದ್ರೆ ಎಂಟೂ ಜನ ಬೆರಳಿಟ್ಟು ಎಣಿಸ್ತಾ ಕೂತ್ರು. ಇಪ್ಪತ್ತು ನಿಮಿಷ ನೀರಲ್ಲಿ ಹೋಮ, ಕೊನೇ ಕ್ಯೂ ರೆಕಾರ್ಡೇ ಆಗಲಿಲ್ಲ. ಹೆಡ್‌ಫೋನ್ ಕ್ಲಿಕ್ (ಟೆಂಪೋ ತಪ್ಪದ ಹಾಗೆ ಪ್ಲೇಯರ್ಸಿಗೆ ಕೇಳಿಸೋ ಸದ್ದು) ಜೋರಾಗಿಟ್ಟಿದ್ದಕ್ಕೆ ಮೆಲ್ಲಗಿನ ಜಾಗದಲ್ಲೆಲ್ಲ ಟಿಕ್ ಟಿಕ್ ಮೈಕಿಗೂ ಸೇರ್ಕೊಂಡಿತ್ತು.

ಗೇಮ್ ಮ್ಯೂಸಿಕ್ ಒಂದೇ ಸೆಮಿಸ್ಟರ್. ಎಫ್‌ಮಾಡ್, ವೈಸ್ ಅನ್ನೋ, ಗೇಮಿಗೆ ಮ್ಯೂಸಿಕ್ ಜೋಡಿಸೋ ಸಾಫ್ಟ್‌ವೇರ್ ಎರಡೂ ಮುಟ್ಟಿದ್ವಿ. ಶತ್ರು ಬಂದ್ರೆ ಡ್ರಮ್ಸ್ ಪದರ ಮೇಲೆ ಸೇರ್ಬೇಕು, ಹೋದ್ರೆ ಇಳೀಬೇಕು, ಹಾಗಾಗಿ ಎಲ್ಲ ಪದರಾನೂ ಒಂದೇ ಟೆಂಪೋ, ಒಂದಕ್ಕೊಂದು ಹೊಂದೋ ಸ್ವರದಲ್ಲೇ ಇರ್ಬೇಕು. ಆಟಗಾರ ಬಾಗಿಲ ಹತ್ರ ಅರ್ಧ ಗಂಟೆ ಸುಮ್ನೆ ನಿಂತ್ರೂ ತಲೆ ಚಿಟ್ಟು ಹಿಡೀಬಾರ್ದು, ಇದಕ್ಕೆ ತುಂಬಾ ಹಾಡೋ ಟ್ಯೂನ್ ಆಗಲ್ಲ.

ಡೆಲಿವರಿ, ಅಂದ್ರೆ ಮುಗಿದ ಮ್ಯೂಸಿಕ್ ಫೈಲುಗಳನ್ನ ಹೇಗೆ ಕೊಡ್ಬೇಕು ಅನ್ನೋದರ ಬಗ್ಗೆ ಯಾರೂ ಮುಂಚೆ ಹೇಳಿರಲಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೆಮ್‌ಗಳು (ಟ್ಯೂನು, ಬಾಸು, ಡ್ರಮ್ಸ್ ಹೀಗೆ ಬಿಡಿ ಟ್ರ್ಯಾಕುಗಳು) ಬೇರೆ ಬೇರೆ, ಎಲ್ಲಾ ಒಂದೇ ಜಾಗದಿಂದ ಶುರು. ಯುರೋಪಿನ ಟಿವಿ ಪ್ರಸಾರಕ್ಕೆ ಸದ್ದಿನ ಜೋರು ಅಳೆಯೋ ಲೆಕ್ಕದಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್ ಅಂತ ಓದ್ಕೊಂಡು ನಾನು ಒಂದೊಂದು ಕ್ಯೂನೂ ಅಲ್ಲಿಗೇ ತಂದು ನಿಲ್ಲಿಸಿದ್ದೆ, ಮೆಲ್ಲಗಿದ್ದಿದ್ದೆಲ್ಲ ಜೋರಾಗಿ ಹೋಯ್ತು. ಆ ಅಳತೆ ಮಾತು, ಸದ್ದು, ಮ್ಯೂಸಿಕ್ ಎಲ್ಲ ಸೇರಿದ ಇಡೀ ಕಾರ್ಯಕ್ರಮದ್ದು, ಮ್ಯೂಸಿಕ್ ಒಂದಕ್ಕೇ ಅಲ್ಲ. ಮಿಕ್ಸ್ ಮಾಡೋರು ಬೈಲಿಲ್ಲ, ವಾಪಸ್ ಕಳಿಸಿದ್ರು.

ಫೈನಲ್ ಪೋರ್ಟ್‌ಫೋಲಿಯೋಲಿ ಹದಿನಾಲ್ಕು ನಿಮಿಷದ ಒಂದು ಫಿಲ್ಮ್. ಅದರ ಕೊನೇ ಕ್ಯೂನ ಚೆಲ್ಲೋ ಟ್ಯೂನು ನಾನು ಎರಡು ವರ್ಷದಲ್ಲಿ ಬರೆದ ಒಳ್ಳೇ ಟ್ಯೂನು, ಈಗ್ಲೂ ಹಾಗೇ ಅನ್ಸುತ್ತೆ. ಸ್ಕ್ರೀನಿಂಗ್ ದಿನ ಆ ಸೀನು ಬಂತು, ಕೆಳಗಿನ ಬಾಸು, ಪ್ಯಾಡು (ಹಿಂದೆ ಉದ್ದಕ್ಕೂ ಹಿಡಿದ ಸ್ವರ) ಇದೆ, ಟ್ಯೂನಿಲ್ಲ. ಮುಗಿದ್ಮೇಲೆ ಮಿಕ್ಸ್ ಮಾಡಿದೋರನ್ನ ಹುಡುಕಿಕೊಂಡು ಹೋಗಿ ಕೇಳ್ದೆ. "ಅಮ್ಮ ಬಾಗಿಲಲ್ಲಿ ನಿಂತು 'ಊಟ ಮಾಡಿದ್ಯಾ' ಅಂತಾಳಲ್ಲ, ಅದು ಕೇಳಿಸ್ತಿರಲಿಲ್ಲ. ನೀವು ಟ್ಯೂನ್ ಸ್ಟೆಮ್ ಬೇರೆ ಕೊಟ್ಟಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಇಡೀ ಕ್ಯೂನೇ ತೆಗೀಬೇಕಿತ್ತು" ಅಂದ್ರು. ಮನೆಗೆ ಹೋಗಿ ಎರಡೂ ಹಾಕಿ ನೋಡ್ದೆ, ಪೋರ್ಟ್‌ಫೋಲಿಯೋಗೆ ಅವರ ವರ್ಷನ್ನೇ ಕಳಿಸ್ದೆ.