ಡಯಾಲಿಸಿಸ್‌ಗೆ ಹೋಗುವ ಸ್ನೇಹಿತರಿಗೆ ಏನು ಒಯ್ಯಬೇಕು?

ಸ್ನೇಹಿತರ ಕಿಡ್ನಿ ಕೈಕೊಟ್ಟಿದೆ, ಡಯಾಲಿಸಿಸ್ (ಕಿಡ್ನಿಯ ಬದಲು ಮೆಷಿನ್‌ನಲ್ಲಿ ರಕ್ತ ಶುದ್ಧಿ ಮಾಡುವುದು) ಶುರುವಾಗಿದೆ ಅಂತ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆಸ್ಪತ್ರೆ ಗೇಟಿನ ಹತ್ತಿರ ಎರಡು ಎಳನೀರು, ಒಂದು ಚಿಪ್ಪು ಬಾಳೆಹಣ್ಣು, ಶಕ್ತಿ ಬರುತ್ತೆ ಅನ್ನುವ ಪುಡಿಯ ಒಂದು ಡಬ್ಬ ಕೊಂಡು ಒಳಗೆ ಹೋಗುವುದು. ಜ್ವರ ಬಂದವರಿಗಾದರೆ ಇದು ಸರಿ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಈ ಮೂರೂ ತೊಂದರೆ ಕೊಡುವಂಥವೇ. ಬೇಡ ಅನ್ನಲು ಸಂಕೋಚಪಟ್ಟುಕೊಂಡು, ತಂದವರ ಎದುರಿಗೇ ಎಳನೀರು ಕುಡಿದುಬಿಡುವ ರೋಗಿಗಳನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಫೋನ್ ಮಾಡಿ ಕೇಳಿ

ರೋಗಿಗೆ ಅಲ್ಲ, ಮನೆಯವರಿಗೆ. ವಾರದಲ್ಲಿ ಯಾವ ಯಾವ ದಿನ ಡಯಾಲಿಸಿಸ್, ಶುಗರ್ ಇದೆಯಾ, ದಿನಕ್ಕೆ ಎಷ್ಟು ನೀರು ಕುಡಿಯಬಹುದು, ಸೂಜಿ ಚುಚ್ಚುವುದು ಯಾವ ಕೈಗೆ. ಇಷ್ಟು ಗೊತ್ತಾದರೆ ಸಾಕು.

ಎರಡನೇ ಹೆಜ್ಜೆ: ತಿನ್ನುವ ವಸ್ತು

ಎಲ್ಲರೂ ಎಡವುವುದು ಇಲ್ಲೇ. ನಾವು ತಿಂದದ್ದರಲ್ಲಿ ಇರುವ ಪೊಟ್ಯಾಸಿಯಂ ಬೇಕಾದ್ದಕ್ಕಿಂತ ಜಾಸ್ತಿಯಾದರೆ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ನಿಂತರೆ ಅದು ರಕ್ತದಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ. ರಕ್ತದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸುಮಾರು 3.5ರಿಂದ 5ರ ಒಳಗೆ ಇರಬೇಕು. 6 ದಾಟಿದರೆ ಹೃದಯದ ಬಡಿತ ಏರುಪೇರಾಗಬಹುದು, ನಿಂತೇ ಹೋಗಲೂಬಹುದು. ಎಷ್ಟೋ ಸಲ ಅದಕ್ಕೆ ಮುಂಚೆ ಯಾವ ಸೂಚನೆಯೂ ಸಿಗುವುದಿಲ್ಲ.

ಈಗ ಲೆಕ್ಕ ಹಾಕಿ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 400 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದೆ. ಒಳ್ಳೆಯ ಎಳನೀರಿನಲ್ಲಿ 500 ದಾಟುತ್ತದೆ. ಡಯಾಲಿಸಿಸ್ ರೋಗಿಗೆ ಇಡೀ ದಿನದ ಮಿತಿಯೇ ಸಾಮಾನ್ಯವಾಗಿ 2000 ಮಿಲಿಗ್ರಾಂ ಹತ್ತಿರ. ಅಂದರೆ ನಿಮ್ಮ ಐದು ನಿಮಿಷದ ಉಪಚಾರದಲ್ಲೇ ಅರ್ಧ ದಿನದ ಪಾಲು ಮುಗಿದುಹೋಯಿತು. ಅನ್ನ, ಬೇಳೆ, ತರಕಾರಿ ಇನ್ನೂ ಬಾಕಿ ಇವೆ. ಪಾಪ, ಮನೆಯಲ್ಲಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ಪಲ್ಯ ಮಾಡುತ್ತಿರುತ್ತಾರೆ. ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು ನಾವು ಒಂದು ಸ್ಟ್ರಾ ಹಾಕಿ ವಾಪಸ್ ತುಂಬಬಾರದು.

ಇನ್ನೊಂದು ದೊಡ್ಡ ಗೊಂದಲವಿದೆ. ಬಾಳೆದಿಂಡಿನ ರಸ, ಎಳನೀರು, ಬಾರ್ಲಿ ನೀರು ‘ಕಿಡ್ನಿಗೆ ಒಳ್ಳೇದು’ ಅಂತ ಎಲ್ಲರಿಗೂ ಬಾಯಿಪಾಠ. ಅದು ಕಿಡ್ನಿಯಲ್ಲಿ ಕಲ್ಲು ಇರುವವರಿಗೆ ಹೇಳುವ ಮಾತು. ಕಲ್ಲು ಇರುವವರು ನೀರು ಜಾಸ್ತಿ ಕುಡಿಯಬೇಕು. ಡಯಾಲಿಸಿಸ್‌ನವರು ನೀರು ಅಳೆದು ಕುಡಿಯಬೇಕು. ಎರಡೂ ಕಿಡ್ನಿಯ ಕಾಯಿಲೆಯೇ, ಆದರೆ ಪಥ್ಯ ಪೂರ್ತಿ ಉಲ್ಟಾ. ಕಮರಾಕ್ಷಿ, ಅಂದರೆ ಮಲೆನಾಡು, ಕರಾವಳಿಯ ಕಡೆಯ ಧಾರೆಹುಳಿ, ಇದನ್ನಂತೂ ಅವರ ಹತ್ತಿರವೂ ಸುಳಿಸಬೇಡಿ. ಕಿಡ್ನಿ ಸೋತವರ ಮೆದುಳಿಗೇ ಹೊಡೆಯುವ ವಿಷ ಅದರಲ್ಲಿದೆ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ, ಜೀವಕ್ಕೇ ಅಪಾಯ.

ಚೆಂದದ ಪೆಟ್ಟಿಗೆಯಲ್ಲಿ ಬರುವ ಡ್ರೈ ಫ್ರೂಟ್ಸ್ ಬೇಡ. ಬಾದಾಮಿ, ಒಣದ್ರಾಕ್ಷಿ, ಖರ್ಜೂರದಲ್ಲಿ ಪೊಟ್ಯಾಸಿಯಂ ಗಟ್ಟಿಯಾಗಿ ಕೂತಿರುತ್ತದೆ. ‘ಬಿಪಿಗೆ ಒಳ್ಳೇದು’ ಅಂತ ಮಾರುವ ಲೋ ಸೋಡಿಯಂ ಉಪ್ಪು ಇನ್ನೂ ಬೇಡ. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಹಾಕಿರುವುದು ಪೊಟ್ಯಾಸಿಯಂ ಅನ್ನೇ. ‘ಕಿಡ್ನಿ ಡಿಟಾಕ್ಸ್’ ಅಂತ ಬರೆದಿರುವ ಪುಡಿ, ಕಷಾಯದ ಬಾಟಲಿ ಯಾವುದನ್ನೂ ಮುಟ್ಟಬೇಡಿ. ಪ್ರೋಟೀನ್ ಪುಡಿಯನ್ನು ಡಾಕ್ಟರು ಹೆಸರು ಬರೆದುಕೊಟ್ಟಿದ್ದರೆ ಮಾತ್ರ ತನ್ನಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತಿಂದರೆ ಬಾಯಾರಿಕೆ ತಡೆಯಲಾಗುವುದಿಲ್ಲ.

ಹಾಗಾದರೆ ಏನು ಒಯ್ಯಬಹುದು? ಸೇಬು, ಮರಸೇಬು, ಒಂದೆರಡು ಹೋಳು ಅನಾನಸ್. ಶುಗರ್ ಇದ್ದರೆ ಇದನ್ನೂ ಕೇಳಿಕೊಂಡೇ. ಬುಟ್ಟಿ ತುಂಬ ಬೇಡ, ಎರಡು ಸೇಬು ಸಾಕು. ಬುಟ್ಟಿಗಟ್ಟಲೆ ಹಣ್ಣು ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ. ಹಾಳಾಗುತ್ತಲ್ಲಾ ಅಂತ ರೋಗಿಯೇ ಕೂತು ತಿನ್ನುತ್ತಾರೆ. ಮನೆಯಲ್ಲಿ ಮಾಡಿ ಒಯ್ಯುವುದಾದರೆ ಉಪ್ಪು ತೀರಾ ಕಡಿಮೆ ಹಾಕಿದ ಈರುಳ್ಳಿಯ ಅಕ್ಕಿ ರೊಟ್ಟಿ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ತುಂಬಾ ಒಳ್ಳೆಯದು, ಯಾಕೆಂದರೆ ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸ್ವಲ್ಪ ಸ್ವಲ್ಪವೇ ಸೋರಿಹೋಗುತ್ತದೆ.

ದಿನವನ್ನೂ ನೋಡಿಕೊಳ್ಳಿ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಇರುವವರಿಗೆ ಶನಿವಾರ, ಭಾನುವಾರ ದೊಡ್ಡ ಅಂತರ. ಪೊಟ್ಯಾಸಿಯಂ, ನೀರು ಎರಡೂ ಏರುವುದು ಆಗಲೇ. ನಾವು ರಜೆ ಅಂತ ತಿಂಡಿ ಹಿಡಿದುಕೊಂಡು ಹೋಗುವುದೂ ಭಾನುವಾರವೇ ಅಲ್ವಾ?

ಮೂರನೇ ಹೆಜ್ಜೆ: ಬಾಯಾರಿಕೆಗೆ ಏನಾದರೂ

ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ದಿನದ ನೀರಿಗೆ ಸಾಮಾನ್ಯವಾಗಿ ಕೊಡುವ ಲೆಕ್ಕ ಇದು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ಹಾಗಾಗಿ ನೂರು ಮಿಲಿಲೀಟರ್ ಹಿಡಿಯುವ ಪುಟ್ಟ ಸ್ಟೀಲ್ ಲೋಟ ನಿಜಕ್ಕೂ ಬೆಲೆಬಾಳುವ ಉಡುಗೊರೆ. ದೊಡ್ಡ ಲೋಟದಲ್ಲಿ ಕಾಲು ಭಾಗ ಕುಡಿದರೆ ಮನಸ್ಸು ತುಂಬುವುದಿಲ್ಲ, ಚಿಕ್ಕದನ್ನು ತುಂಬಿಸಿಕೊಂಡು ಕುಡಿದರೆ ಸಮಾಧಾನ. ಮನೆಯಲ್ಲಿ ತೂಕದ ಮೆಷಿನ್ ಇಲ್ಲದಿದ್ದರೆ ಅದನ್ನು ಕೊಡಿ; ಎರಡು ಡಯಾಲಿಸಿಸ್ ನಡುವೆ ಎಷ್ಟು ತೂಕ ಏರಿತು ಅನ್ನುವುದರಿಂದಲೇ ಮೈಯಲ್ಲಿ ನಿಂತ ನೀರು ಗೊತ್ತಾಗುವುದು.

ನಾಲ್ಕನೇ ಹೆಜ್ಜೆ: ಬಟ್ಟೆ

ರಕ್ತ ಮೈಯಿಂದ ಹೊರಗೆ ಹೋಗಿ ಮೆಷಿನ್ ಸುತ್ತಿ ಬರುವುದರಿಂದ ತುಂಬಾ ಜನರಿಗೆ ಚಳಿ ಹತ್ತುತ್ತದೆ. ಮೇಲೆ ಎಸಿ ಬೇರೆ. ಸ್ವೆಟರ್ ಕೊಡೋಣ ಅಂದರೆ ಸೂಜಿ ಚುಚ್ಚುವ ಕೈ ಸಿಸ್ಟರ್‌ಗೆ ಕಾಣುತ್ತಲೇ ಇರಬೇಕು.

ಅದಕ್ಕೊಂದು ಉಪಾಯವಿದೆ. ಕಡು ಬಣ್ಣದ, ಸಡಿಲವಾದ ಫುಲ್ ತೋಳಿನ ಹತ್ತಿ ಶರಟು ಅಥವಾ ಮುಂದೆ ತೆರೆಯುವ ಸ್ವೆಟರ್ ಕೊಳ್ಳಿ. ನಿಮ್ಮ ಬೀದಿಯ ಟೈಲರ್‌ಗೆ ಕೊಟ್ಟು, ಆ ಒಂದು ಕೈಯ ತೋಳನ್ನು ಮಾತ್ರ ಮಣಿಕಟ್ಟಿನಿಂದ ಮೊಣಕೈ ಮೇಲೆ ಒಂದು ಗೇಣಿನವರೆಗೆ ಹೊಲಿಗೆ ಬಿಚ್ಚಿಸಿ, ಟಿಚ್ ಬಟನ್ ಹಾಕಿಸಿ. ಜಿಪ್ ಬೇಡ, ಚರ್ಮಕ್ಕೆ ತಾಗುತ್ತದೆ. ಒಳಗೆ ಮೆತ್ತಗೆ ಒಂದು ಪಟ್ಟಿ ಹೊಲಿಯಲು ಹೇಳಿ. ಬಟನ್ ಬಿಚ್ಚಿದರೆ ಕೈ ಪೂರ್ತಿ ಹೊರಗೆ, ಉಳಿದ ಮೈ ಬೆಚ್ಚಗೆ. ಕುತ್ತಿಗೆಗೆ ಟ್ಯೂಬ್ ಹಾಕಿರುವವರಾದರೆ ಕಾಲರ್ ಇಲ್ಲದ, ಮುಂದೆ ಬಟನ್ ಇರುವ ಅಂಗಿ.

ಸೂಜಿ ಚುಚ್ಚುವ ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಆಪರೇಷನ್ ಮಾಡಿ ಜೋಡಿಸಿರುತ್ತಾರೆ. ಫಿಸ್ಟುಲಾ ಅನ್ನುತ್ತಾರೆ. ಬೆರಳಿಟ್ಟರೆ ಒಳಗೆ ಝುಂ ಅಂತ ನಡುಗುವುದು ತಿಳಿಯುತ್ತದೆ. ಅದು ಒತ್ತಿಹೋಗಿ ಮುಚ್ಚಿದರೆ ಮತ್ತೆ ಆಪರೇಷನ್ನೇ ಬೇಕಾಗಬಹುದು. ಆದ್ದರಿಂದ ಆ ಕೈಗೆ ವಾಚು, ಬಿಗಿ ಬಳೆ ಕೊಡಬೇಡಿ. ದೇವಸ್ಥಾನದ ದಾರವನ್ನೂ ಇನ್ನೊಂದು ಕೈಗೇ ಕಟ್ಟಿ.

ಐದನೇ ಹೆಜ್ಜೆ: ನಾಲ್ಕು ಗಂಟೆ ಕಳೆಯಲು

ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ಒಂದು ಕೈ ಅಲ್ಲಾಡಿಸುವಂತಿಲ್ಲ. ದಪ್ಪ ಪುಸ್ತಕ ಹಿಡಿಯಲಾಗುವುದಿಲ್ಲ. ಸುಧಾ, ತರಂಗದಂಥ ಹಗುರ ವಾರಪತ್ರಿಕೆ, ಇಯರ್‌ಫೋನ್, ಉದ್ದ ವೈರಿನ ಚಾರ್ಜರ್ ಸಾಕು.

ಕೊನೆಯದು: ದುಡ್ಡು, ಮತ್ತು ಜೊತೆಗಿರುವವರು

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಡಯಾಲಿಸಿಸ್ ಸಿಗುತ್ತದೆ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಿಬರುವ ಆಟೋ, ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ ತಪ್ಪುವುದು ಇದ್ದೇ ಇದೆ. ದುಡ್ಡು ಕೊಡುವ ಮನಸ್ಸಿದ್ದರೆ ಒಂದು ತಿಂಗಳ ಆಟೋ ಖರ್ಚು ಅಂತ ಹೇಳಿ ಮನೆಯವರ ಕೈಗೆ ಕವರ್ ಕೊಡಿ. ‘ಏನಾದರೂ ಬೇಕಿದ್ದರೆ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ. ‘ಅತ್ತಿಗೆ, ಬುಧವಾರ ನಾನು ಕರ್ಕೊಂಡು ಹೋಗ್ತೀನಿ, ನೀವು ಮನೇಲಿ ಮಲಗಿ’ ಅನ್ನಿ. ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರುವ ಅವರಿಗೂ ವಾರದಲ್ಲಿ ಒಂದು ದಿನ ಬಿಡುವು ಬೇಕು. ಮನೆಗೆ ನೋಡಲು ಹೋಗುವುದಾದರೆ ಡಯಾಲಿಸಿಸ್ ದಿನ ಸಂಜೆ ಬೇಡ. ಬಿಪಿ ಇಳಿದು ಸುಸ್ತಾಗಿ ಮಲಗಿರುತ್ತಾರೆ. ಮಾರನೇ ದಿನ ಬೆಳಿಗ್ಗೆ ಹೋಗಿ.